ಕಿನು ಅಕ್ಕ ಹೊಸೆದ ಹೊಸವರ್ಷದ ಹಗ್ಗ

ನಮ್ಮೂರಿನ ಹಿರಿಯರ ಹಗಲು ಕೇಂದ್ರಕ್ಕೆ ವ್ಯಾನು ಓಡಿಸುವವನು ನಾನು, ಮಿನೊರು. ವಯಸ್ಸು ಅರವತ್ತೆಂಟು. ವ್ಯಾನಿನಲ್ಲಿ ಕೂರುವವರಲ್ಲಿ ಇಬ್ಬರು ನನಗಿಂತ ಚಿಕ್ಕವರು. ಅವರ ಮುಂದೆ ನನ್ನ ಸೊಂಟನೋವಿನ ಸುದ್ದಿ ಎತ್ತುವುದಿಲ್ಲ. ಜಪಾನಿನ ಅಕಿತಾದ ಈ ಮೂಲೆಯಲ್ಲಿ ಡಿಸೆಂಬರಿನ ಹಿಮ ಕಿಟಕಿಯ ಮಟ್ಟಕ್ಕೆ ಬಂದು ನಿಂತಾಗ, ಕೇಂದ್ರಕ್ಕೆ ಬಂದು ಬಿಸಿನೀರಿನ ಸ್ನಾನ ಮಾಡಿ, ಕಿತ್ತಳೆ ತಿಂದು, ಒಂದಿಷ್ಟು ಕೈಕೆಲಸ ಮಾಡಿ ಹೋಗುವುದು ಒಳ್ಳೆಯದೇ. ತೊಂದರೆಯೆಲ್ಲ ಆ ಕೈಕೆಲಸದ್ದು.

ಅದನ್ನು ಮಾಡಿಸುವಾಕೆ ವಾಕಾನಾ. ಐವತ್ತರ ಹತ್ತಿರದ ಹೆಂಗಸು, ಬಂಗಾರದಂಥ ಮನಸ್ಸು, ಆದರೆ ಯಾರನ್ನು ಕಂಡರೂ ಶಿಶುವಿಹಾರದ ಮಕ್ಕಳ ಹಾಗೆ ಮಾತಾಡಿಸುತ್ತಾಳೆ. ಹತ್ತಿಯ ಹಿಮಬೊಂಬೆ, ಕಾಗದದ ತಟ್ಟೆಗೆ ಅಂಟಿಸಿದ ಹೂವು, ಪೈನ್ ಕಾಯಿಗೆ ಬಣ್ಣ. ಎಂಬತ್ತಮೂರು ವರ್ಷದ ಕಿನು ಅಕ್ಕ ಹಿಮಬೊಂಬೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ವರ್ಷಕ್ಕೆ ನಾಲ್ಕು ತಿಂಗಳು ಹಿಮ ಎತ್ತಿ ಎತ್ತಿ ಸೊಂಟ ಬಿದ್ದೋಗಿದೆ. ಈಗ ಒಳಗೆ ಕೂತು ಹತ್ತೀಲೂ ಹಿಮ ಮಾಡ್ಬೇಕಾ?"

"ಎಷ್ಟು ಮುದ್ದಾಗಿದೆ ನೋಡಜ್ಜೀ!" ಅಂತ ಚಪ್ಪಾಳೆ ತಟ್ಟಿದಳು ವಾಕಾನಾ.

"ನಾನು ಯಾವಾಗಮ್ಮಾ ನಿನ್ನಜ್ಜಿ ಆದೆ? ನಿಮ್ಮಜ್ಜಿ ನಂಗೆ ಗೊತ್ತು. ಪಾಪ, ಅವಳು ಮಾತು ಕಮ್ಮಿ ಆಡ್ತಿದ್ಲು."

ಕಿನು ಅಕ್ಕ ಇಪ್ಪತ್ತಕ್ಕೆ ಮದುವೆಯಾಗಿ ಈ ಊರಿಗೆ ಬಂದವಳು. ಬಂದ ವರ್ಷವೇ ಅತ್ತೆ ಭತ್ತದ ಹುಲ್ಲಿನ ಕಂತೆ ಮುಂದಿಟ್ಟು, ಹೊಸವರ್ಷಕ್ಕೆ ದೇವರನ್ನು ಬರಮಾಡಿಕೊಳ್ಳಲು ಬಾಗಿಲಿಗೆ ಕಟ್ಟುವ ಹಗ್ಗ ಹೊಸೆಯಲು ಕೂರಿಸಿದಳಂತೆ. ಕೊಂಡು ತಂದ ಹಗ್ಗ ಕಟ್ಟಿದರೆ ದೇವರು ಅಂಗಡಿಗೇ ಹೋಗುತ್ತಾನೆ ಅಂದಳಂತೆ. ಅಂದಿನಿಂದ ಆ ಬಾಗಿಲಿಗೆ ಅವಳ ಕೈಯ ಹಗ್ಗ ತಪ್ಪಿದ್ದು ಒಂದೇ ಸಲ, ಗಂಡ ಸತ್ತ ವರ್ಷ. ಸೂತಕದ ಮನೆಗೆ ಹೊಸವರ್ಷವಿಲ್ಲ. ಈ ಮಾರ್ಚಿನಲ್ಲಿ ಲಕ್ವ ಹೊಡೆದು ಅವಳ ಎಡಗೈ ಬಿದ್ದುಹೋಯಿತು. ನಾಲಗೆಗೆ ಏನೂ ಆಗಲಿಲ್ಲ. ಸೊಸೆ ಸೂಪರ್ ಮಾರ್ಕೆಟಿನಿಂದ ಪ್ಲಾಸ್ಟಿಕ್ ಹಗ್ಗ ತಂದಿಟ್ಟಾಗ ಮನೆಯಲ್ಲಿ ಎರಡು ದಿನ ಯಾರೂ ನೆಮ್ಮದಿಯಾಗಿ ಉಣ್ಣಲಿಲ್ಲ.

ಅವಳ ಪಕ್ಕದ ಮನೆ ಗೆನ್ಜೊ ಅಣ್ಣನದು. ವಯಸ್ಸು ಎಂಬತ್ತೈದು. ಎರಡು ಮನೆಗಳ ನಡುವೆ ಮೂರು ಹೆಜ್ಜೆ ಅಗಲದ ಓಣಿ. ಸೂರಿನ ಹಿಮ ಯಾರ ಕಡೆಗೆ ತಳ್ಳಬೇಕು ಎಂದು ನಲವತ್ತು ವರ್ಷ ಇಬ್ಬರೂ ಹಾವು ಮುಂಗುಸಿ. ಇವಳು ಬೆಳಗ್ಗೆ ಆಚೆ ಎಸೆದದ್ದನ್ನು ಅವನು ಸಂಜೆ ಈಚೆ ಎಸೆಯುತ್ತಿದ್ದ. ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ ಎಂದು ಊರವರು ಇಬ್ಬರಿಗೂ ಬೈಯುತ್ತಿದ್ದರು. ಎರಡು ವರ್ಷದ ಹಿಂದೆ ಅವನಿಗೂ ಲಕ್ವ ಹೊಡೆಯಿತು. ಬಲಗೈ ಹೋಯಿತು, ಜೊತೆಗೆ ಮಾತೂ ಹೋಯಿತು. ಉಳಿದದ್ದು ಮೂರೇ ಮೂರು ಮಾತು: ಹೌದು, ಬೇಡ, ದಡ್ಡ. ಹೆಂಗಸರಿಗಾದರೆ ದಡ್ಡಿ. ಅಷ್ಟರಲ್ಲೇ ಸಂಸಾರ ನಡೆಸುತ್ತಾನೆ. ಕಳೆದ ವರ್ಷದ ಕೊನೆಗೆ ಹೆಂಡತಿಯೂ ತೀರಿಕೊಂಡಳು, ಆ ಹೊಸವರ್ಷ ಸೂತಕದಲ್ಲೇ ಹೋಯಿತು. ಈಗ ಮಗಳ ಜೊತೆ ಇದ್ದಾನೆ. ವ್ಯಾನಿನಲ್ಲಿ ಅವನು ಮುಂದಿನ ಸೀಟು, ಅವಳು ಹಿಂದಿನದು.

ಡಿಸೆಂಬರಿನ ನಡುವೆ ವಾಕಾನಾ ಎಲ್ಲರಿಗೂ ಕೆಂಪು ಬಿಳಿ ಕಾಗದದ ದಾರ ಹಂಚಿ, "ಅಂಟು ಹಚ್ಚಿದ್ರೆ ಆಯ್ತು, ಹೊಸವರ್ಷದ ಹಗ್ಗ ರೆಡಿ!" ಅಂದಳು. ಕಿನು ಅಕ್ಕ ಆ ದಾರವನ್ನು ಪಕ್ಕಕ್ಕೆ ಸರಿಸಿ, ಮಗನ ಕೊಟ್ಟಿಗೆಯಿಂದ ತಂದಿದ್ದ ಹುಲ್ಲಿನ ಕಂತೆ ಮೇಜಿನ ಮೇಲಿಟ್ಟಳು. ಒಂದೇ ಕೈಯಲ್ಲಿ ಹೊಸೆದು ನೋಡಿದಳು. ತೊಡೆಗೆ ಒತ್ತಿ ನೋಡಿದಳು. ಹಲ್ಲಲ್ಲಿ ಕಚ್ಚಿದಾಗ ಹಲ್ಲಿನ ಸೆಟ್ಟೇ ಕಳಚಿ ಹುಲ್ಲಿನೊಳಗೆ ಬಿತ್ತು. ಎಲ್ಲರೂ ನಕ್ಕರು, ಆಮೇಲೆ ಅವಳ ಮುಖ ನೋಡಿದರು. ಕಿನು ಅಕ್ಕ ಅಳುತ್ತಿದ್ದಳು.

"ಇಪ್ಪತ್ತೆಂಟರೊಳಗೆ ಆಗ್ಬೇಕು ಮಿನೊರು. ಇಪ್ಪತ್ತೊಂಬತ್ತು ಅಪಶಕುನ. ಮೂವತ್ತೊಂದಕ್ಕೆ ಕಟ್ಟಿದ್ರೆ ದೇವರಿಗೇ ಅವಮಾನ. ನಮ್ಮತ್ತೆಗೆ ಮೇಲೆ ಹೋಗಿ ಏನಂತ ಮುಖ ತೋರಿಸ್ಲಿ?"

ದಿನಾ ಈ ಇಬ್ಬರಿಗೂ ಸೀಟ್ ಬೆಲ್ಟ್ ಹಾಕುವವನು ನಾನು. ಯಾರ ಯಾವ ಕೈ ಏಳುತ್ತದೆ, ಯಾವುದು ಏಳುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೋಗಿ ಗೆನ್ಜೊ ಅಣ್ಣನನ್ನು ಕುರ್ಚಿ ಸಮೇತ ಎಳೆದುತಂದೆ.

ಮೊದಲು ತಪ್ಪಾಗಿ ಕೂರಿಸಿದೆ, ಅಂಗೈ ಸೇರದೆ ಇಬ್ಬರ ಕೈಯ ಹಿಂಬದಿಗಳು ತಾಗಿದವು. ಆಮೇಲೆ ಅವನನ್ನು ಎಡಕ್ಕೆ, ಅವಳನ್ನು ಬಲಕ್ಕೆ, ಭುಜಕ್ಕೆ ಭುಜ ಒತ್ತಿ ಕೂರಿಸಿದೆ. ಸತ್ತ ಕೈಗಳೆರಡೂ ನಡುವೆ ಅಡಗಿದವು. ಅವನ ಎಡಗೈ, ಅವಳ ಬಲಗೈ ಹೊರಗಿನಿಂದ ಬಂದು ಎದುರಿಗೆ ಅಂಗೈಗೆ ಅಂಗೈ ಸೇರಿದವು.

"ಮದುವೆ ಫೋಟೊ ತೆಗೀರೋ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ದಡ್ಡ!" ಅಂದ ಗೆನ್ಜೊ ಅಣ್ಣ.

"ಈ ಮುದುಕನ ಕೈ ಹಿಡಿಯೋಕಿಂತ ಹಿಮ ಎತ್ತೋದೇ ವಾಸಿ," ಅಂದಳು ಕಿನು ಅಕ್ಕ. ಆದರೆ ಕೈ ತೆಗೆಯಲಿಲ್ಲ.

ಹಗ್ಗದ ತುದಿ ಹಿಡಿಯುವ ಕೆಲಸ ನನಗೆ ಬಿತ್ತು. ಮೂಟೆ ಕಟ್ಟುವ ಹಗ್ಗಕ್ಕೆ ಬಲಗೈ ಮುಂದೆ ತಳ್ಳಬೇಕು, ಎಡಗೈ ಹಿಂದೆ ಬರಬೇಕು. ದೇವರ ಹಗ್ಗಕ್ಕೆ ಅದು ತಿರುವುಮುರುವು. ಗೆನ್ಜೊ ಅಣ್ಣ ಜೀವಮಾನವಿಡೀ ಮೂಟೆ ಕಟ್ಟಿದವನು. ಅವನ ಕೈ ಅಭ್ಯಾಸದಂತೆ ಹಿಂದೆ ಎಳೆಯಿತು. ಇವಳೂ ಹಿಂದೆ ಎಳೆದಳು. ಎತ್ತು ಏರಿಗೆ, ಕೋಣ ನೀರಿಗೆ. ಹುಲ್ಲು ನನ್ನ ಮುಖಕ್ಕೆ ಹಾರಿತು.

"ದೇವರನ್ನ ಕರೀತಿದ್ದೀಯೋ, ಅಕ್ಕಿ ಮೂಟೆ ಕಟ್ತಿದ್ದೀಯೋ?"

"ದಡ್ಡಿ!"

"ನೀನು ತಳ್ಳು ಮಾರಾಯಾ, ನಾನು ಎಳೀತೀನಿ. ನಲವತ್ತು ವರ್ಷ ನನ್ನ ಕಡೆ ತಳ್ಳಿದ್ದು ಸಾಲದೇ? ಅದೇ ಥರ ತಳ್ಳು."

ಅವನು ತಳ್ಳಿದ. ಹುಲ್ಲು ಹುರಿಗೊಂಡಿತು. ಹತ್ತು ದಿನ, ದಿನಕ್ಕೆ ಒಂದು ಗೇಣಿನಷ್ಟು. ಗೇಣಿಗೆ ಇಪ್ಪತ್ತು ಬೈಗುಳ. ವಾಕಾನಾ ಚಪ್ಪಾಳೆ ತಟ್ಟುವುದನ್ನು ಬಿಟ್ಟು, ಹುಲ್ಲಿಗೆ ನೀರು ಚಿಮುಕಿಸಿ ಮೃದು ಮಾಡಿ ಕೊಡುವುದನ್ನು ಕಲಿತಳು. ಇಪ್ಪತ್ತೆಂಟರ ಮಧ್ಯಾಹ್ನ ಹಗ್ಗ ಮುಗಿಯಿತು. ಮಗುವಿನ ತೋಳಿನಷ್ಟು ದಪ್ಪ, ಸ್ವಲ್ಪ ಸೊಟ್ಟ, ಆದರೆ ದೇವರ ಹಗ್ಗವೇ.

ಸಂಜೆ ಮನೆಗೆ ಬಿಡುವಾಗ ಕಿನು ಅಕ್ಕ ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಗೆನ್ಜೊ ಅಣ್ಣನನ್ನು ಇಳಿಸಿದೆ. ಅವನ ಬಾಗಿಲಿನ ಮೇಲೆ ಬರೀ ಒಂದು ತುಕ್ಕು ಹಿಡಿದ ಮೊಳೆ. ಕಿನು ಅಕ್ಕ ಅದನ್ನೇ ನೋಡಿದಳು.

"ಮಿನೊರು, ಇದನ್ನ ಅಲ್ಲಿ ಕಟ್ಟು."

"ಅಕ್ಕಾ, ನಿನ್ನ ಬಾಗಿಲಿಗೆ?"

"ಕಟ್ಟು ಅಂದ್ನಲ್ಲ!"

ಕಟ್ಟಿದೆ. ಮಾರನೆಯ ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಕಿನು ಅಕ್ಕನ ಫೋನು ಬಂತು.

"ನೋಡೋ ಆ ಮುದುಕನ ಕೆಲಸ! ಮಗಳ ಕೈಲಿ ಹಗ್ಗ ಬಿಚ್ಚಿಸಿ ನಮ್ಮ ಬಾಗಿಲಿಗೆ ಕಟ್ಟಿಸಿದ್ದಾನೆ. ಅದೂ ಇಪ್ಪತ್ತೊಂಬತ್ತನೇ ತಾರೀಕು! ಕೀಳಿಸಿ ವಾಪಸ್ ಅವನ ಮನೆಗೇ ಎಸೆದೆ."

"ಇಷ್ಟು ದಿನ ಹಿಮ ಎಸೀತಿದ್ರಿ, ಈಗ ದೇವರನ್ನೇ ಎಸೀರಿ," ಅಂದೆ.

"ತಲೆಹರಟೆ ಮಾಡ್ಬೇಡ. ನಾಳೆ ಮೂವತ್ತು, ಒಂದೇ ದಿನ ಉಳಿದಿರೋದು. ಇನ್ನೊಂದು ಹೊಸೀತೀವಿ. ತುದಿ ಹಿಡಿಯೋಕೆ ಬಾ."

ಮೂವತ್ತರಂದು ಕೇಂದ್ರಕ್ಕೆ ರಜೆ, ನನಗಿಲ್ಲ. ಗೆನ್ಜೊ ಅಣ್ಣನ ಬಾಗಿಲಿನ ಒಳಗೆ, ಸೀಮೆಎಣ್ಣೆ ಒಲೆಯ ಪಕ್ಕದಲ್ಲಿ, ಬೆಳಗ್ಗೆಯಿಂದ ತುದಿ ಹಿಡಿದು ನಿಂತೆ. ಮಗಳು ಹೊಗೆಯಲ್ಲಿ ಒಣಗಿಸಿದ ಮೂಲಂಗಿಯ ಉಪ್ಪಿನಕಾಯಿಯನ್ನು ನನ್ನ ಬಾಯಿಗೇ ಇಟ್ಟಳು, ನನ್ನ ಕೈಗೆ ಬಿಡುವಿರಲಿಲ್ಲವಲ್ಲ. ಹತ್ತು ದಿನದ ಕೆಲಸ ಒಂದೇ ದಿನದಲ್ಲಿ. ಮೂರು ಗಂಟೆಯ ಹೊತ್ತಿಗೆ ಇಬ್ಬರ ತೋಳೂ ಸೋತಿದ್ದವು. ಹಗ್ಗವೇನೋ ಮುಗಿಯಿತು. ಎತ್ತಿ ನೋಡಿದರೆ ಅರ್ಧ ದೇವರ ಎಡ ಹುರಿ, ಇನ್ನರ್ಧ ಅಕ್ಕಿ ಮೂಟೆಯ ಬಲ ಹುರಿ. ಹುಲ್ಲು ಖಾಲಿ.

ಗೆನ್ಜೊ ಅಣ್ಣ ಮೊದಲ ಹಗ್ಗವನ್ನು ಅವಳತ್ತ ತಳ್ಳಿ, ಕೆಟ್ಟುಹೋದ ಹಗ್ಗಕ್ಕೆ ಕೈ ಚಾಚಿದ. ಕಿನು ಅಕ್ಕ ಕಸಿದುಕೊಂಡಳು.

"ಬಿಡು, ಇದು ನಂದು. ಸೂತಕ ಕಳೆದು, ನಿನ್ನ ಹೆಂಡತಿ ಇಲ್ಲದೆ ಮಾಡೋ ಮೊದಲ ಹೊಸವರ್ಷ ಇದು. ನಿನ್ನ ಮನೆಗೆ ದೇವರು ಸರಿಯಾಗಿ ಬರ್ಬೇಕು."

"ನಿನ್ನ ಮನೆಗೆ ದಾರಿ ತಪ್ಪಿದ್ರೆ?" ಅಂದೆ ನಾನು.

"ತಪ್ಪಿದ್ರೆ ಪಕ್ಕದ ಮನೇಲಿ ಕೇಳ್ಕೊಂಡು ಬರ್ತಾನೆ. ಏನಯ್ಯಾ ಗೆನ್ಜೊ, ದೇವರು ಬಂದು, ಪಕ್ಕದಲ್ಲಿ ಯಾರ ಮನೆ ಅಂತ ಕೇಳಿದ್ರೆ ಏನು ಹೇಳ್ತೀಯ?"

ಗೆನ್ಜೊ ಅಣ್ಣ ಬಾಯಿ ತೆರೆದ. ತುಟಿ ಸೊಟ್ಟಗಾಯಿತು, ಹಣೆಯಲ್ಲಿ ಬೆವರೊಡೆಯಿತು. ದಡ್ಡಿ ಅನ್ನುತ್ತಾನೆ ಎಂದು ಕಾದೆ. ಅವನು ಎಡಗೈ ಎತ್ತಿ ಓಣಿಯಾಚೆ ತೋರಿಸಿದ.

"ಕಿ... ಕಿನು."

ಮಗಳ ಕೈಯಿಂದ ತಟ್ಟೆ ಬಿತ್ತು. ಎರಡು ವರ್ಷದಲ್ಲಿ ನಾಲ್ಕನೆಯ ಮಾತು. ಅಪ್ಪ ತನ್ನ ಹೆಸರು ಹಿಡಿದಾದರೂ ಕರೆಯಲಿ ಎಂದು ಆಕೆ ಎಷ್ಟು ಕಾದಿದ್ದಳೋ. ಆದರೂ ಅಳುತ್ತ ನಗುತ್ತಿದ್ದಳು.

ಕಿನು ಅಕ್ಕ ತೋಳಿನಿಂದ ಮೂಗು ಒರೆಸಿಕೊಂಡಳು.

"ನೋಡು, ನಲವತ್ತು ವರ್ಷ ಬೇಕಾಯ್ತು ಇವನಿಗೆ ನನ್ನ ಹೆಸರು ಕಲಿಯೋಕೆ. ನಾಳೆಯಿಂದ ಮಗಳ ಹೆಸರು ಹೇಳಿಸ್ತೀನಿ, ಹೇಗೆ ಹೇಳಲ್ವೋ ನೋಡ್ತೀನಿ. ಮಿನೊರು, ಏನು ಬಾಯಿ ಬಿಟ್ಕೊಂಡು ನಿಂತೆ? ಏಣಿ ತಗೊಂಡು ಬಾ, ಕತ್ತಲಾಗೋದ್ರೊಳಗೆ ಎರಡೂ ಕಟ್ಟು."