ಜೆರ್ಸಿಯಕ್ಕನ ತೀರ್ಪು

ಹಾಕಿ ತಂಡದ ಬಟ್ಟೆ ಒಗೆಯುವ ಜೆರ್ಸಿಯಕ್ಕ ಆಟವನ್ನು ಕಣ್ಣಾರೆ ನೋಡುವುದು ಅಪರೂಪ. ಯಾರು ಹೇಗೆ ಆಡಿದರೆಂಬುದು ಬಕೆಟ್ಟಿನಲ್ಲಿ ಬಟ್ಟೆ ನೆನೆಹಾಕುವಾಗಲೇ ಅವಳಿಗೆ ಗೊತ್ತಾಗಿಬಿಡುತ್ತದೆ. ಕಲೆ ಕಂಡರೆ ಬೈಯುತ್ತಾಳೆ, ಕಲೆಯೇ ಇಲ್ಲದಿದ್ದರೆ ಇನ್ನೂ ಜೋರಾಗಿ ಬೈಯುತ್ತಾಳೆ: "ಏನಪ್ಪಾ, ಆಡೋಕೆ ಹೋಗಿದ್ಯೋ, ಫೋಟೋ ತೆಗೆಸ್ಕೊಳ್ಳೋಕೋ?" ನಾಯಕನೂ ಅವಳ ಮುಂದೆ ತಲೆ ತಗ್ಗಿಸಿಯೇ ಬಟ್ಟೆ ಇಡುತ್ತಾನೆ. ಪಂದ್ಯಗಳಿಲ್ಲದ ಈ ಬಿಡುವಿನಲ್ಲಿ ತಂಡ ಗೋಲಿನ ಮುಂದೆ ನಿಂತು ಚೆಂಡು ತಡೆಯಲು ಹೊಸ ಡಿಫೆಂಡರ್ ಒಬ್ಬನನ್ನು ತಂದಾಗ ಕ್ಲಬ್ಬಿನ ತುಂಬ ಅವನದೇ ಮಾತು. ಅವನಿಗೆ ವಯಸ್ಸಾಯಿತೆಂದು ಕಾರ್ಯದರ್ಶಿ ಗೊಣಗಿದರು, ಈ ವರ್ಷ ಗೋಲು ಬಿಡುವುದು ನಿಲ್ಲುತ್ತದೆಂದು ಕೋಚ್ ಪಟ್ಟು ಹಿಡಿದರು. ಅಕ್ಕ ಅಂದದ್ದು ಇಷ್ಟೇ: "ಮೊದಲ ದಿನದ ಬಟ್ಟೆ ಬರ್ಲಿ, ಆಮೇಲೆ ಹೇಳ್ತೀನಿ." ಬಂತು. ಬರೀ ಅಭ್ಯಾಸದ ಆಟ, ಆದರೂ ಪ್ಯಾಂಟಿನ ಮಂಡಿ ಹರಿದಿತ್ತು, ಎದೆಯ ಮೇಲೆಲ್ಲ ಹುಲ್ಲಿನ ಹಸಿರು ಮೆತ್ತಿತ್ತು. "ಕಲೆ ಹೋಗಲ್ವೇನೋ, ಬೈಬೇಡಿ ಅಕ್ಕಾ," ಎಂದ ಅವನು. "ಹೋಗದಿದ್ರೆ ಬಿಡಪ್ಪಾ, ನೀನು ಹೀಗೇ ಬೀಳ್ತಾ ಇರು," ಎಂದಳು. ಕಳೆದ ವರ್ಷ ಸೋತಾಗಲೆಲ್ಲ ಜನ ಬೈದದ್ದು ಗೋಲ್‌ಕೀಪರನನ್ನು. ಆ ಗೋಲ್‌ಕೀಪರ್ ಅಕ್ಕನ ಒಡಹುಟ್ಟಿದ ತಮ್ಮ. ಇನ್ನು ಆಡುವುದೇ ಇಲ್ಲವೆಂದು ಪ್ಯಾಡುಗಳನ್ನು ಅಟ್ಟಕ್ಕೆ ಎಸೆದಿದ್ದ. ಅಕ್ಕ ಅಂದು ಕೈ ಒರೆಸಿಕೊಂಡು ನೇರ ಮನೆಗೆ ಹೋದಳು, ತಾನೇ ಏಣಿ ಹತ್ತಿ ಆ ಪ್ಯಾಡುಗಳನ್ನು ಇಳಿಸಿ ತಮ್ಮನ ಮಡಿಲಿಗೆ ಹಾಕಿದಳು. "ಧೂಳು ಕೊಡವ್ಕೊಳ್ಳೋ. ನಿನ್ನ ಮುಂದೆ ಬೀಳೋಕೆ ಒಬ್ಬ ಬಂದಿದಾನೆ."