ಒಂದೇ ಸಲ ಕೇಳುವ ಕಂಪ್ಯೂಟರ್

ನಾನೇ ಕೈಯಾರೆ ಜೋಡಿಸಿದ ಹೊಸ ಕಂಪ್ಯೂಟರ್ ಮೊನ್ನೆ ಶನಿವಾರ ನನ್ನ ಮಾನ ಕಳೆಯಿತು. ಅದೂ ತಂಗಿಯ ಎದುರಿಗೆ!

ತಂಗಿ ಜಲಜ ಇರುವುದು ಹಾಲಾಡಿಯಲ್ಲಿ. ನಲವತ್ತಾರನೇ ವಯಸ್ಸಿಗೆ ಡಿಟಿಪಿ ಕಲಿತು, ಪೇಟೆಯಲ್ಲಿ ಪುಟ್ಟ ಅಂಗಡಿ ಹಿಡಿದಿದ್ದಾಳೆ. ಸೋಮವಾರ ಓಪನಿಂಗ್. ಮದುವೆ ಕಾಗದದ ಮೊದಲ ಆರ್ಡರೂ ಬಂದಾಗಿದೆ. ಕಂಪ್ಯೂಟರ್ ನನ್ನ ಜವಾಬ್ದಾರಿ ಎಂದು ಜಂಬದಿಂದ ಹೇಳಿದ್ದೆ. ಬಿಡಿಭಾಗ ತರಿಸಿ, ಕುಂದಾಪುರದ ನಮ್ಮನೆಯ ಊಟದ ಮೇಜಿನ ಮೇಲೆ ಜೋಡಿಸಿ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಅಂಕಣವೇ ಇರುತ್ತಿರಲಿಲ್ಲ.

ಲಿನಕ್ಸಿನ ತಿರುಳಿಗೆ ಕರ್ನೆಲ್ ಅನ್ನುತ್ತಾರೆ. ಯಂತ್ರದ ಒಂದೊಂದು ಭಾಗವನ್ನೂ ಮಾತಾಡಿಸುವುದು ಅದೇ. ರೆಡಿಮೇಡ್ ಕರ್ನೆಲ್‌ನಲ್ಲಿ ನಮಗೆ ಬೇಡದ ಸಾಮಾನು ಜಾಸ್ತಿ. ಬೇಕಾದಷ್ಟೇ ಇಟ್ಟು ನಾವೇ ಕಟ್ಟಿಕೊಂಡರೆ ಹಗುರ. ಆದರೆ ಕಟ್ಟುವ ಮೊದಲು ಅದು ಪ್ರಶ್ನೆ ಕೇಳುತ್ತದೆ. ಇದು ಬೇಕಾ? ಅದು ಬೇಕಾ? ಒಂದಲ್ಲ ಎರಡಲ್ಲ, ಸಾವಿರಾರು! ಟಕಟಕ ಉತ್ತರ ಕೊಟ್ಟೆ. ಹಳೆ ಕರ್ನೆಲನ್ನೂ ಅಳಿಸಿ (ಧೈರ್ಯ ನೋಡಿ!) ರೀಸ್ಟಾರ್ಟ್ ಒತ್ತಿದೆ.

ಕಪ್ಪು ಪರದೆ. ಡಿಸ್ಕೇ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಕೇಬಲ್ ಕಿತ್ತು ಹಾಕಿದೆ. ಡಿಸ್ಕನ್ನೇ ಬಿಚ್ಚಿ ಮತ್ತೆ ಕೂರಿಸಿದೆ. ಊಹೂಂ, ಅಲ್ಲಾಡಲಿಲ್ಲ.

ಅಷ್ಟರಲ್ಲಿ ಕಂಪ್ಯೂಟರ್ ಒಯ್ಯಲು ಜಲಜ ಬಂದೇಬಿಟ್ಟಳು. ನನ್ನ ಹೆಂಡತಿ ನೀರ್ದೋಸೆ ತಂದಳು.

"ಬ್ಯಾಡ ಅತ್ಗಿ, ತಿಂದ್ಕಂಡೇ ಬಂದದ್ದ್."

ಎರಡು ಬಿತ್ತು. "ಬ್ಯಾಡ ಅಂದ್ರೆ ಕೇಂತಿಲ್ಲ ಅಲ್ದಾ!" ಇನ್ನೆರಡು ಬಿತ್ತು. ಒಟ್ಟು ಆರು ದೋಸೆ ಹೋಯಿತು. ನಮ್ಮ ಕಡೆ ಹಾಗೇ ಅಲ್ಲವೇ? ಕೇಳಿದ ಕೂಡಲೇ ಹೂಂ ಅಂದರೆ ಆಸೆಬುರುಕರು ಅಂದಾರು. ಒತ್ತಾಯ ಮಾಡದಿದ್ದರೆ ಬಡಿಸುವವರಿಗೂ ಮರ್ಯಾದೆಯಿಲ್ಲ.

ಕೈ ತೊಳೆದು ಬಂದವಳು ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು. ಸಾವಿರ ಪ್ರಶ್ನೆಯ ಕಥೆಯೆಲ್ಲ ಹೇಳಿದೆ. "ಅದ್ ಬೇಕಾ ಬೇಕಾ ಅಂತ ಕೇಣುವತ್ತಿಗೆ ನೀ ಎಂತ ಹೇಳ್ದೆ?"

"ಗೊತ್ತಿಲ್ದಿದ್ದಕ್ಕೆಲ್ಲ ಬ್ಯಾಡ ಅಂದೆ."

"ಅದೆಂತ ಅತ್ಗಿಯಾ, ಇನ್ನೊಂದ್ ಸಲ ಕೇಣುಕೆ?"

ಪೆನ್‌ಡ್ರೈವ್‌ನಿಂದ ಯಂತ್ರ ಎಬ್ಬಿಸಿ ನನ್ನ ಉತ್ತರಗಳ ಪಟ್ಟಿ ತೆರೆದೆ. ಹೌದು! ಈ ಹೊಸ ಜಾತಿಯ ಡಿಸ್ಕನ್ನು ಗುರುತಿಸುವ ಡ್ರೈವರ್ ಬೇಕಾ ಎಂದು ಕೇಳಿತ್ತು. ಬ್ಯಾಡ ಅಂದಿದ್ದೆ. ಪಾಪ, ನಂಬಿತ್ತು. ತಿದ್ದಿ, ಕರ್ನೆಲನ್ನು ಮತ್ತೆ ಕಟ್ಟಲು ಬಿಟ್ಟೆ.

ಕಾಯುತ್ತ ಕೂತಾಗ ಜಲಜ ನಗುತ್ತಲೇ ಹೇಳಿದಳು. "ನೀನೂ ಹೀಂಗೇ ಮಾಡಿದ್ದೆ ಅಣ್ಣ. ಹದ್ನೈದ್ ವರ್ಷದ್ ಹಿಂದೆ, ಬ್ರಹ್ಮಾವರದ್ ಕಂಪ್ಯೂಟರ್ ಕ್ಲಾಸಿಗೆ ಸೇರ್ತಿಯಾ ಅಂತ ಕೇಂಡೆ. ನಾ ಬ್ಯಾಡ ಅಂದೆ. ನೀ ಮತ್ತೆ ಕೇಣ್ಲೇ ಇಲ್ಲ."

ಅವತ್ತು ಕೇಳಿದ್ದಾಯಿತಲ್ಲ ಎಂದು ನಾನು ಆರಾಮಾಗಿ ಮನೆಗೆ ವಾಪಸ್ ಬಸ್ಸು ಹತ್ತಿದ್ದೆ. ಅವಳು ಹದಿನೈದು ವರ್ಷ ಕಾದಳು. ತುಂಬಾ ಬೇಜಾರಾಯಿತು.

ಮಧ್ಯಾಹ್ನದೊಳಗೆ ಕಂಪ್ಯೂಟರ್ ಎದ್ದಿತು. ಜಲಜ ಕೂತು ಮದುಮಗಳ ಹೆಸರು ಟೈಪ್ ಮಾಡಿದಳು. ಏನು ಸ್ಪೀಡ್ ಅಂತೀರಿ ಆ ಬೆರಳುಗಳದ್ದು!

"ಸೋಮವಾರ ಅಂಗಡಿಗೆ ನಾನೂ ಬರ್ಲಾ?" ಕೇಳಿದೆ.

"ಬ್ಯಾಡ, ನಿಂಗೆಂತಕೆ ತೊಂದ್ರೆ."

ಮತ್ತೆ ಕೇಳಿದೆ. "ಬ್ಯಾಡ ಮಾರಾಯ."

ಮೂರನೇ ಸಲ ಕೇಳಿದೆ.

"ಎಂಟ್ ಗಂಟಿಗೇ ಬಾ" ಅಂದಳು.

ನಿಮ್ಮ ಮನೆಯಲ್ಲೂ ಬ್ಯಾಡ ಅಂದವರೊಬ್ಬರು ಇರಬೇಕಲ್ಲ, ಎರಡನೇ ಸಲ ಕೇಳಿದ್ರಾ?