ಕಾಯ್ತಾನನ ಮೂರು ಪ್ರಾರ್ಥನೆಗಳು

ಖಾನಾಪುರದ ನಮ್ಮ ಹೈಸ್ಕೂಲಿನ ಫುಟ್‌ಬಾಲ್ ಗೋಲ್‌ಕೀಪರ್ ಕಾಯ್ತಾನ ಫೆರ್ನಾಂಡಿಸ್ ಗೋಲಿನ ಎರಡೂ ಕಂಬಗಳಿಗೆ ಮುತ್ತಿಡದೆ ಆಟ ಶುರುಮಾಡಿದವನಲ್ಲ. ಜಾಂಬೋಟಿ ಕಾಡಿನ ಒರಟು ಮರದ ಕಂಬಗಳಾದ್ದರಿಂದ ಅವನ ತುಟಿಯಲ್ಲಿ ಸದಾ ಒಂದು ಸಿಬಿರು ಇರುತ್ತಿತ್ತು. ಕೊರಳಿನ ಜಪಮಾಲೆಯನ್ನು ಬಲೆಯ ಕೊಕ್ಕೆಗೆ ತೂಗುಹಾಕಿ, ಶಿಲುಬೆಯ ಗುರುತು ಮಾಡಿ, ಕಣ್ಣು ಮುಚ್ಚಿ ಗಟ್ಟಿಯಾಗಿ ಪ್ರಾರ್ಥಿಸುವಷ್ಟರಲ್ಲಿ ಕೆಲವೊಮ್ಮೆ ಗೋಲು ಬಿದ್ದು ನಮ್ಮ ಗೋಳು ಶುರುವಾಗುತ್ತಿತ್ತು. ಎಂಟನೆಯ ತರಗತಿಯಲ್ಲಿ ಅವನು, ‘ಚೆಂಡು ನನ್ನ ಕಡಿ ಬರದಂಗ ಮಾಡು ಯೇಸುಸ್ವಾಮಿ’ ಎಂದು ಬೇಡುತ್ತಿದ್ದ. ಒಂಬತ್ತನೆಯದಕ್ಕೆ ವಿಶ್ವಾಸ ಬೆಳೆದು, ‘ಬಂದ್ರ ಬರ್ಲಿ, ಕೈಯಾಗ ಕುಂದರ್ಲಿ’ ಎನ್ನತೊಡಗಿದ. ಹತ್ತನೆಯದರಲ್ಲಿ, ಎಪ್ಪತ್ತೆಂಟರ ಬೆಳಗಾವಿ ಫೈನಲ್‌ನಲ್ಲಿ, ಎರಡೂ ಕಡೆ ಒಂದೊಂದು ಗೋಲಾಗಿದ್ದಾಗ, ಕೊನೆಯ ನಿಮಿಷಕ್ಕೆ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಈ ಸಲ ಕಾಯ್ತಾನನ ತುಟಿ ಮಾತ್ರ ಅಲುಗಿತು. ಸರಿಯಾದ ದಿಕ್ಕಿಗೇ ಹಾರಿದ. ಆದರೂ ಚೆಂಡು ಬೆರಳು ಸವರಿಕೊಂಡು ಒಳಹೋಯಿತು. ‘ಏನ್ ಬೇಡ್ಕೊಂಡಿ ಲೇ, ಹೇಳು!’ ಎಂದು ರೇಗಿದ ನಮ್ಮ ನಾಯಕ ಬಾಳಾಸಾಹೇಬ. ಅವನ ಹಣೆಯ ವಿಭೂತಿಯೆಲ್ಲ ಬೆವರಿಗೆ ಇಳಿದಿತ್ತು. ‘ಪೆನಾಲ್ಟಿ ಹೊಡಿಯೂ ಹುಡುಗನ ಕಾಲು ಥರಥರ ನಡಗಾಕ ಹತ್ತಿದ್ದುವು. ಅವಗ ಧೈರ್ಯ ಕೊಡು ಅಂದೆ. ಚೆಂಡು ಹಿಡಿಯೂದು ನನ್ನ ಕೆಲಸ, ಅದನ್ಯಾಕ ಬೇಡ್ಲಿ?’ ಎಂದ ಕಾಯ್ತಾನ. ಊರಿಗೆ ಮರಳುವ ಟೆಂಪೋದಲ್ಲಿ ಚಾಲಕನ ಪಕ್ಕದ ಸೀಟಿಗೆ ಟವೆಲ್ ಹಾಸಿ, ಗೆದ್ದು ತರುವ ಕಪ್‌ಗೆಂದು ಬೆಳಿಗ್ಗೆಯೇ ಕಾದಿರಿಸಿದ್ದವನು ಬಾಳಾಸಾಹೇಬನೇ. ‘ಇಲ್ಲಿ ಕುಂದರು’ ಎಂದು ಕಾಯ್ತಾನನನ್ನು ಅಲ್ಲಿ ಕೂರಿಸಿ, ಅವನು ಬಲೆಯಲ್ಲೇ ಮರೆತುಬಂದಿದ್ದ ಜಪಮಾಲೆಯನ್ನು ಜೇಬಿನಿಂದ ತೆಗೆದು ತನ್ನ ಕೈಯಾರೆ ಅವನ ಕೊರಳಿಗೆ ಹಾಕಿದ.